ಕಚೇರಿಯಲ್ಲಿ ದೆವ್ವ: ಹೆದರಿಸಿ ನಗಿಸುವ ಸರಣಿಯನ್ನು ಕಟ್ಟುವ ಬಗೆ

ಒಂದು ಕೋಣೆ, ಮೂವರು. ಒಬ್ಬ ಸತ್ತವನು. ಇನ್ನೊಬ್ಬನಿಗೆ ಅವನು ಕಾಣುತ್ತಾನೆ, ಅವನ ಮಾತೂ ಕೇಳುತ್ತದೆ. ಮೂರನೆಯವರಿಗೆ ಏನೂ ಕಾಣುವುದಿಲ್ಲ. ಕಚೇರಿಯಲ್ಲಿ ನಡೆಯುವ ದೆವ್ವದ ಹಾಸ್ಯ ಸರಣಿಗೆ ಬೇಕಾದ ಕನಿಷ್ಠ ಸಾಮಗ್ರಿ ಇಷ್ಟೇ. ಹೊಗೆ, ಕಿರುಚಾಟ, ಬಿಳಿ ಸೀರೆ ಎಲ್ಲ ಆಮೇಲಿನ ಮಾತು. ಈ ಮೂವರಲ್ಲಿ ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ ಎಂಬ ಲೆಕ್ಕ ಒಂದು ಸಲ ತಪ್ಪಿತೆಂದರೆ ಹೆದರಿಕೆ, ನಗು ಎರಡೂ ಕೈಬಿಟ್ಟು ಹೋಗುತ್ತವೆ.

ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಹಾಕಿಕೊಟ್ಟ ಹಳೆಯ ಸರಣಿಯೊಂದಿದೆ. 1969ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಶುರುವಾಗಿ 26 ಕಂತುಗಳವರೆಗೆ ನಡೆದ ‘ರಾಂಡಲ್ ಅಂಡ್ ಹಾಪ್‌ಕರ್ಕ್ (ಡಿಸೀಸ್ಡ್)’. ಲಂಡನ್ನಿನಲ್ಲಿ ಇಬ್ಬರು ಪಾಲುದಾರರ ಸಣ್ಣ ಪತ್ತೇದಾರಿ ಕಚೇರಿ. ಮೊದಲ ಕಂತಿನಲ್ಲೇ ಒಬ್ಬ ಪಾಲುದಾರ ಮಾರ್ಟಿ ಹಾಪ್‌ಕರ್ಕ್‌ನನ್ನು ಕಾರು ಗುದ್ದಿಸಿ ಕೊಲ್ಲುತ್ತಾರೆ. ಅವನು ಬಿಳಿ ಸೂಟಿನಲ್ಲಿ ವಾಪಸು ಬರುತ್ತಾನೆ, ಕಾಣುವುದು ಮಾತ್ರ ಬದುಕಿರುವ ಪಾಲುದಾರ ಜೆಫ್ ರಾಂಡಲ್‌ಗೆ. ಸೂರ್ಯ ಹುಟ್ಟುವ ಮುಂಚೆ ದೆವ್ವ ತನ್ನ ಗೋರಿಗೆ ಮರಳಬೇಕು, ಇಲ್ಲದಿದ್ದರೆ ನೂರು ವರ್ಷ ಭೂಮಿಯ ಮೇಲೆ ಅಲೆಯಬೇಕು ಎಂಬ ನಿಯಮವಿದೆ. ಗೆಳೆಯನಿಗೆ ನೆರವಾಗುತ್ತ ಮಾರ್ಟಿ ಹೊತ್ತು ಮೀರಿಸುತ್ತಾನೆ, ಅಲ್ಲೇ ಸಿಕ್ಕಿಬೀಳುತ್ತಾನೆ. ಇನ್ನು ಅದೇ ಕಚೇರಿಯಲ್ಲಿ ಸೆಕ್ರೆಟರಿಯಾಗಿ ದುಡಿಯುವ ಜೀನಿ ಯಾರು? ಮಾರ್ಟಿಯ ಹೆಂಡತಿ. ತನ್ನ ಗಂಡ ಎರಡು ಅಡಿ ದೂರದಲ್ಲಿ ನಿಂತು ಹಲುಬುತ್ತಿದ್ದರೂ ಆಕೆಗೆ ಕೇಳದು. ಡೆನ್ನಿಸ್ ಸ್ಪೂನರ್ ಕಟ್ಟಿದ ಈ ತ್ರಿಕೋನದ ಜಾಣತನ ಇರುವುದು ಇಲ್ಲೇ: ಪ್ರತಿ ದೃಶ್ಯದಲ್ಲೂ ನಗು ಹುಟ್ಟುವುದು ಜೆಫ್‌ನ ಪೇಚಾಟದಿಂದ, ಎದೆಗೆ ತಾಕುವುದು ಜೀನಿಗೆ ಗೊತ್ತಿಲ್ಲದಿರುವುದರಿಂದ. 2000–2001ರಲ್ಲಿ ಬಿಬಿಸಿ ಇದನ್ನು ವಿಕ್ ರೀವ್ಸ್ ಮತ್ತು ಬಾಬ್ ಮಾರ್ಟಿಮರ್ ಜೋಡಿಯೊಂದಿಗೆ ಮತ್ತೆ ತೆಗೆದಾಗಲೂ ಆ ಮೂರು ಸ್ಥಾನಗಳನ್ನು ಅಲುಗಿಸಲಿಲ್ಲ.

ಪಾಳುಬಂಗಲೆಗಿಂತ ಕಚೇರಿ ಯಾಕೆ ಅನುಕೂಲ? ಬಂಗಲೆಯ ಕಥೆಯಲ್ಲಿ ನೋಡುಗ ಕೇಳುವ ಮೊದಲ ಪ್ರಶ್ನೆ, ‘ದೆವ್ವ ಇದೆ ಅಂತ ಗೊತ್ತಾದ ಮೇಲೆ ಓಡಿಹೋಗೋದಲ್ವಾ?’ ಇದಕ್ಕೆ ಉತ್ತರ ಕಟ್ಟಲು ಬರಹಗಾರರು ಅರ್ಧ ಕಂತು ಖರ್ಚು ಮಾಡಬೇಕಾಗುತ್ತದೆ. 2019ರಿಂದ 2023ರವರೆಗೆ ಐದು ಸೀಸನ್ ನಡೆದ ಬಿಬಿಸಿಯ ‘ಘೋಸ್ಟ್ಸ್’ ಹಳೆಯ ಬಂಗಲೆಯ ಮೇಲೆ ಯುವ ದಂಪತಿಗೆ ದೊಡ್ಡ ಸಾಲ ಹೊರಿಸಿ ಅವರನ್ನು ಅಲ್ಲೇ ಕಟ್ಟಿಹಾಕಿತು. ಕಚೇರಿಗೆ ಆ ಶ್ರಮವೇ ಬೇಡ. ಸಂಬಳ ಇದೆ, ಮನೆ ಸಾಲದ ಕಂತು ಇದೆ, ರಜೆ ಮಂಜೂರಾಗಿಲ್ಲ. ಅದರ ಮೇಲೆ ಕಚೇರಿಯಲ್ಲಿ ಒಬ್ಬನೇ ಮಾತಾಡುವಂತಿಲ್ಲ, ಕಿರುಚುವಂತಿಲ್ಲ, ಮೇಲಧಿಕಾರಿ ಮಾತಾಡುವಾಗ ಬೇರೆ ಕಡೆ ನೋಡುವಂತಿಲ್ಲ. ದೆವ್ವ ಕಂಡವನು ಸಹಜವಾಗಿ ಏನು ಮಾಡುತ್ತಾನೋ ಅದೆಲ್ಲಕ್ಕೂ ಅಲ್ಲಿ ನಿಷೇಧವಿದೆ. ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಹೊಲ ಸಿಗುವುದು ಕಷ್ಟ.

ನಿಯಮದ ಪಟ್ಟಿ ಮೊದಲು, ಕಥೆ ಆಮೇಲೆ

ಇಂಥ ಸರಣಿ ಬರೆಯಲು ಕೂತವರು ಪಾತ್ರಗಳಿಗಿಂತ ಮೊದಲು ಒಂದು ಪುಟದ ನಿಯಮ ಬರೆದುಕೊಳ್ಳುವುದು ಒಳ್ಳೆಯದು. ದೆವ್ವ ಯಾರಿಗೆ ಕಾಣುತ್ತದೆ, ಯಾಕೆ ಅವನಿಗೆ ಮಾತ್ರ? ವಸ್ತು ಮುಟ್ಟಬಲ್ಲುದೇ, ಎಷ್ಟು ತೂಕದವರೆಗೆ? ಎಲ್ಲಿಯವರೆಗೆ ಹೋಗಬಲ್ಲುದು? ಹೊಸದನ್ನು ಕಲಿಯುತ್ತದೆಯೇ, ಅಥವಾ ಸತ್ತ ವರ್ಷದಲ್ಲೇ ಅದರ ತಿಳಿವಳಿಕೆ ನಿಂತಿದೆಯೇ? ಬಿಡುಗಡೆ ಸಿಗುವುದು ಯಾವಾಗ?

ಬಟ್ಟೆಯ ಪ್ರಶ್ನೆ ಚಿಕ್ಕದೆನಿಸಬಹುದು, ಆದರೆ ಅದೇ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತದೆ. ‘ಘೋಸ್ಟ್ಸ್’ನಲ್ಲಿ ಸತ್ತಾಗ ಏನು ತೊಟ್ಟಿದ್ದರೋ ಅದರಲ್ಲೇ ಶಾಶ್ವತವಾಗಿ ಇರಬೇಕು. ಹಾಗಾಗಿ ಸ್ಕೌಟ್ ನಾಯಕನ ಕುತ್ತಿಗೆಯಲ್ಲಿ ಬಾಣ ಹಾಗೇ ಇದೆ, ರಾಜಕಾರಣಿ ಎಂದೆಂದಿಗೂ ಪ್ಯಾಂಟಿಲ್ಲದೆ ಓಡಾಡುತ್ತಾನೆ. ಸಾವು ಹೇಗಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ವೇಷವೇ ಹೇಳುತ್ತದೆ. ಉತ್ಪಾದನೆಯ ದೃಷ್ಟಿಯಿಂದಲೂ ಲಾಭ: ಒಬ್ಬ ನಟನಿಗೆ ಇಡೀ ಸೀಸನ್‌ಗೆ ಒಂದೇ ವೇಷ. ಆದರೆ ಒಂದೇ ವೇಷ ಎಂದು ಒಂದೇ ಜೊತೆ ಹೊಲಿಸಬೇಡಿ. ಕನಿಷ್ಠ ಮೂರು ಬೇಕು. ಒಂದು ಬೆವರಿಗೆ, ಒಂದು ಒಗೆಯಲು, ಒಂದು ಹರಿದರೆ. ಮೂರಕ್ಕೂ ಒಂದೇ ಥಾನಿನ ಬಟ್ಟೆ ಇರಬೇಕು, ಇಲ್ಲದಿದ್ದರೆ ನಾಲ್ಕನೇ ಕಂತಿನಲ್ಲಿ ದೆವ್ವದ ಅಂಗಿಯ ಬಣ್ಣ ಬದಲಾಗಿರುತ್ತದೆ.

ಶಕ್ತಿಯ ವಿಷಯದಲ್ಲಿ ಜಿಪುಣತನ ಇರಲಿ. ಅದೇ ಸರಣಿಯಲ್ಲಿ ಒಂದೊಂದು ದೆವ್ವಕ್ಕೆ ಒಂದೊಂದೇ ಅಲ್ಪಶಕ್ತಿ. ಒಬ್ಬ ಬಹಳ ಕಷ್ಟಪಟ್ಟರೆ ಬೆರಳ ತುದಿಯಿಂದ ಲೋಟವನ್ನು ಅಷ್ಟಿಷ್ಟು ತಳ್ಳಬಲ್ಲ. ಆದಿಮಾನವನೊಬ್ಬ ದೀಪ ಮಿಣುಕಿಸಬಲ್ಲ. ಇನ್ನೊಬ್ಬಾಕೆಯ ಮೈಯನ್ನು ಬದುಕಿರುವವರು ಹಾದುಹೋದರೆ ಅವರಿಗೆ ಸುಟ್ಟ ವಾಸನೆ ಬರುತ್ತದೆ. 2021ರಲ್ಲಿ ಅಮೆರಿಕದ ಸಿಬಿಎಸ್ ತೆಗೆದ ರೂಪದಲ್ಲಿ ಹಾಡುಗಾರ್ತಿ ದೆವ್ವದ ಗುನುಗು ಸ್ಪೀಕರ್ ಮೂಲಕ ಮಾತ್ರ ಕೇಳಿಸುತ್ತದೆ. ಇಷ್ಟು ಸಣ್ಣ ಶಕ್ತಿ ಯಾಕೆಂದರೆ, ದೆವ್ವಕ್ಕೆ ಬೇಕಾದ್ದೆಲ್ಲ ಮಾಡಲು ಬಂದರೆ ಬದುಕಿರುವವನ ಹಂಗು ಅದಕ್ಕಿರುವುದಿಲ್ಲ. ಹಂಗಿಲ್ಲದ ಮೇಲೆ ಜಗಳವಿಲ್ಲ, ಜಗಳವಿಲ್ಲದ ಮೇಲೆ ದೃಶ್ಯವಿಲ್ಲ. ಸರಣಿಗಳು ಹದಗೆಡುವ ಮಾಮೂಲು ದಾರಿಯೂ ಇದೇ. ಆರನೇ ಕಂತಿನಲ್ಲಿ ಕಥೆ ಸಿಕ್ಕಿಹಾಕಿಕೊಂಡಿತೆಂದು ದೆವ್ವಕ್ಕೆ ಹೊಸ ಶಕ್ತಿಯೊಂದನ್ನು ದಯಪಾಲಿಸುತ್ತಾರೆ. ಏಳನೇ ಕಂತು ನೋಡುವವನು ಕೇಳುತ್ತಾನೆ, ‘ಇದು ಮೂರನೇ ಕಂತಲ್ಲೇ ಯಾಕೆ ಮಾಡಲಿಲ್ಲ?’ ಹೊಸ ಶಕ್ತಿ ಬೇಕೇ ಬೇಕಾದರೆ ಎರಡು ಕಂತು ಮೊದಲೇ ಅದರ ಸುಳಿವನ್ನು ನಗೆಯ ಮಾತಾಗಿ ಬಿಸಾಡಿರಬೇಕು.

ಗೋಡೆ ದಾಟುವ ದೆವ್ವ ನೆಲದಲ್ಲಿ ಯಾಕೆ ಕುಸಿಯುವುದಿಲ್ಲ, ಕುರ್ಚಿಯ ಮೇಲೆ ಹೇಗೆ ಕೂರುತ್ತದೆ? ಇದಕ್ಕೆ ತರ್ಕದ ಉತ್ತರವಿಲ್ಲ. ಒಂದು ಸಲ ಪಾತ್ರದ ಬಾಯಲ್ಲೇ ಆ ಪ್ರಶ್ನೆ ಕೇಳಿಸಿ, ದೆವ್ವಕ್ಕೆ ಸಿಟ್ಟು ಬರಿಸಿ, ಮುಂದೆ ಹೋಗಿಬಿಡುವುದೇ ಸರಿ.

ನಮ್ಮ ತಾಲ್ಲೂಕು ಕಚೇರಿಗೆ ತಂದರೆ

ಕನ್ನಡದಲ್ಲಿ ಕಚೇರಿ ದೆವ್ವ ಎಂದೊಡನೆ ಬೆಂಗಳೂರಿನ ಐಟಿ ಕಂಪನಿಯ ರಾತ್ರಿ ಪಾಳಿ ನೆನಪಾಗುತ್ತದೆ. ಆದರೆ ಸರ್ಕಾರಿ ಕಚೇರಿಯಲ್ಲಿ ಇದಕ್ಕಿಂತ ಗಟ್ಟಿ ಸಾಮಗ್ರಿ ಇದೆ, ಅದೂ ನಿಯಮಾವಳಿಯಲ್ಲೇ. ಸೇವೆಯಲ್ಲಿದ್ದಾಗ ತೀರಿಕೊಂಡ ನೌಕರನ ಕುಟುಂಬದ ಒಬ್ಬರಿಗೆ ಕೆಲಸ ಕೊಡುವ ಅನುಕಂಪದ ಆಧಾರದ ನೇಮಕಾತಿಗೆ ಕರ್ನಾಟಕದಲ್ಲಿ 1996ರ ನಿಯಮಗಳಿವೆ. ಅಪ್ಪ 58ನೇ ವಯಸ್ಸಿನಲ್ಲಿ, ಪ್ರಥಮ ದರ್ಜೆ ಸಹಾಯಕನಾಗಿದ್ದಾಗ ತೀರಿಕೊಂಡ ಅನ್ನಿ. ಮಗ ದ್ವಿತೀಯ ದರ್ಜೆ ಸಹಾಯಕನಾಗಿ ಸೇರುತ್ತಾನೆ. ಅದೇ ಕಚೇರಿಗೇ ಬರುತ್ತಾನೆ ಎಂಬುದು ಕಥೆಗಾರನ ಅನುಕೂಲ, ಅಷ್ಟನ್ನು ನೋಡುಗ ಮಾಫಿ ಮಾಡುತ್ತಾನೆ. ಅಪ್ಪ ಇನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಮಗನಿಗೆ ಮಾತ್ರ ಕಾಣುತ್ತಾನೆ, ಏಕೆಂದರೆ ಕೆಲಸ ಬಂದದ್ದೇ ಆ ಸಾವಿನಿಂದ. ‘ಯಾಕೆ ಇವನಿಗೆ ಮಾತ್ರ’ ಎಂಬ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರ ಬೇರೆ ದೇಶದ ಬರಹಗಾರರಿಗೆ ಸಿಕ್ಕಿಲ್ಲ.

ಗಡಿಯಾರವೂ ನಿಯಮಾವಳಿಯಲ್ಲೇ ಇದೆ. ರಾಜ್ಯ ಸರ್ಕಾರಿ ನೌಕರ ನಿವೃತ್ತನಾಗುವುದು 60 ತುಂಬುವ ತಿಂಗಳ ಕೊನೆಯ ದಿನ. ಸತ್ತರೂ ಅಪ್ಪನ ಲೆಕ್ಕದಲ್ಲಿ ಇನ್ನೂ ಎರಡು ವರ್ಷದ ಸೇವೆ ಬಾಕಿ. ಲಂಡನ್ನಿನ ದೆವ್ವಕ್ಕೆ ಸೂರ್ಯೋದಯ ಇದ್ದಂತೆ ಈ ದೆವ್ವಕ್ಕೆ ನಿವೃತ್ತಿಯ ದಿನಾಂಕ. ಮೊದಲ ಕಂತಿನಲ್ಲೇ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತೋರಿಸಿಬಿಟ್ಟರೆ ಎರಡು ಸೀಸನ್‌ಗಳ ಕೊನೆ ತಾನಾಗಿ ನಿಗದಿಯಾಗುತ್ತದೆ.

ಶಕ್ತಿಯ ಮಿತಿಗೆ ನಮ್ಮ ನಂಬಿಕೆಗಳೇ ಸಾಕು. ದೆವ್ವಕ್ಕೆ ಕಬ್ಬಿಣ ಆಗದು ಎನ್ನುತ್ತಾರೆ. ಕಡತಗಳೆಲ್ಲ ಇರುವುದು ಕಬ್ಬಿಣದ ಬೀರುವಿನಲ್ಲಿ! ಮೂವತ್ತು ವರ್ಷ ತಾನೇ ಜೋಡಿಸಿಟ್ಟ ಕಡತವನ್ನು ಅಪ್ಪ ಇನ್ನು ಮುಟ್ಟಲಾರ, ಮಗನ ಕೈಯೇ ಬೇಕು. ಮಗನ ಹಂಗು ಹುಟ್ಟುವುದು ಇಲ್ಲಿ. 1990ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟಿದ್ದರು, ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನೋದಿ ಹಿಂದಿರುಗುತ್ತದೆಂದು. ಕಚೇರಿಯ ಕೌಂಟರಿನಲ್ಲಿ ಇದೇ ಎರಡು ಪದಗಳನ್ನು ಜೀವಂತರಿಗೆ ಪ್ರತಿದಿನ ಹೇಳುತ್ತಾರೆ. ಜನರೊಂದಿಗೆ ಸರತಿಯಲ್ಲಿ ನಿಂತ ಹೊರಗಿನ ದೆವ್ವವೊಂದು ಅದನ್ನು ಕೇಳಿ ವಿಧೇಯವಾಗಿ ಹೊರಟುಹೋಗುವ ದೃಶ್ಯಕ್ಕೆ ವಿವರಣೆಯೇ ಬೇಡ. ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ತಾವು ಜೀವಂತವಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಅದರ ಸುತ್ತ ಒಂದು ಕಂತು ಬರೆಯದೆ ಬಿಟ್ಟರೆ ನಷ್ಟ.

ಒಂದು ಎಚ್ಚರಿಕೆ. ಕರಾವಳಿಯ ಭೂತಾರಾಧನೆಯ ವೇಷ, ಅಣಿ, ನುಡಿಕಟ್ಟನ್ನು ಈ ನಗೆಗೆ ಎಳೆದು ತರಬಾರದು. ಅದು ಜನ ಕೈಮುಗಿಯುವ ದೈವ, ಸತ್ತ ಗುಮಾಸ್ತನ ಸಾಲಿನದಲ್ಲ.

ಸಂಭಾಷಣೆ ಬರೆಯುವ ರೀತಿಗೆ ಒಂದು ತುಣುಕು. ಶಿರಸ್ತೇದಾರ್ ಮಗನ ಮೇಲಧಿಕಾರಿ, ಅವರಿಗೆ ಅಪ್ಪ ಕಾಣುವುದಿಲ್ಲ. ಪೋಡಿ ಎಂದರೆ ಜಮೀನನ್ನು ಅಳೆದು ಪಾಲು ಬೇರ್ಪಡಿಸುವ ಕೆಲಸ:

ಶಿರಸ್ತೇದಾರ್: ಆ ಪೋಡಿ ಕಡತ ಎಲ್ಲಯ್ಯಾ?
ಅಪ್ಪ: ಬೀರು, ಮೇಲಿನ ಖಾನೆ. ಆದರೆ ಸಿಗ್ತಿಲ್ಲ ಸಾರ್ ಅನ್ನು.
ಮಗ: ಸುಳ್ಳು ಹೇಳಕ್ಕಾಗಲ್ಲ.
ಶಿರಸ್ತೇದಾರ್: ಸುಳ್ಳು ಹೇಳು ಅಂತ ನಾನೆಲ್ಲಿ ಅಂದೆ? ಕಡತ ಕೇಳಿದೆ.
ಅಪ್ಪ: ಈ ಮನುಷ್ಯ ಸಹಿ ಹಾಕೋ ಮುಂಚೆ ಓದೋದೇ ಇಲ್ಲ, ನೋಡ್ತಿರು.
ಮಗ: ಸ್ವಲ್ಪ ಸುಮ್ನಿರ್ತೀರಾ?
ಶಿರಸ್ತೇದಾರ್: ಏನಂದೆ?

ಇದರಲ್ಲಿ ಅಪ್ಪನ ಸಾಲುಗಳನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಉಳಿದದ್ದು ಒಂದು ಪೂರ್ತಿ ಸಂಭಾಷಣೆ, ಮೇಲಧಿಕಾರಿಗೆ ಮಗ ಮಾಡಿದ ಅವಮಾನ. ಹೀಗೆ ಮುಚ್ಚಿ ಓದಿದಾಗ ಅರ್ಥವೇ ಆಗದಂತಿದ್ದರೆ ಶಿರಸ್ತೇದಾರರು ‘ಹುಚ್ಚು ಹಿಡಿದಿದೆ’ ಎಂದುಕೊಂಡು ಎದ್ದುಹೋಗುತ್ತಾರೆ, ದೃಶ್ಯ ಅಲ್ಲಿಗೆ ಮುಗಿಯುತ್ತದೆ. ತಪ್ಪು ಅರ್ಥ ಬರಬೇಕು, ಆದರೆ ಅರ್ಥ ಬರಲೇಬೇಕು. ಇಡೀ ಚಿತ್ರಕಥೆಯನ್ನು ಒಂದು ಸಲ ಹೀಗೆ, ಕಾಣದವನ ಕಿವಿಯಿಂದ ಮಾತ್ರ, ಗಟ್ಟಿಯಾಗಿ ಓದಿಸುವುದು ಚಿತ್ರೀಕರಣಕ್ಕೆ ಮುಂಚಿನ ಅತಿ ಅಗ್ಗದ ಪರೀಕ್ಷೆ.

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಕಥೆಗೆ ಸಿಗುವುದು ಹೆಚ್ಚುಕಡಿಮೆ 22 ನಿಮಿಷ. ಅದರಲ್ಲಿ ಎರಡು ಎಳೆ ಸಾಕು: ಒಂದು ಕಚೇರಿಯ ತಾಪತ್ರಯ, ಒಂದು ದೆವ್ವದ ತಾಪತ್ರಯ. ಎರಡೂ ಬೇರೆಬೇರೆಯಾಗಿ ಹೊರಟು ಹದಿನಾಲ್ಕು-ಹದಿನೈದನೇ ನಿಮಿಷದ ಹೊತ್ತಿಗೆ ಡಿಕ್ಕಿ ಹೊಡೆಯಬೇಕು. ಹತ್ತನೇ ನಿಮಿಷಕ್ಕೇ ಸೇರಿಸಿದರೆ ಕೊನೆಯಲ್ಲಿ ಬರೀ ಓಡಾಟ ಉಳಿಯುತ್ತದೆ.

ಕ್ಯಾಮೆರಾದ ಮುಂದೆ

ದೆವ್ವ ಪಾರದರ್ಶಕವಾಗಿರಲಿ ಎಂಬ ಆಸೆ ಎಲ್ಲರಿಗೂ ಬರುತ್ತದೆ, ಬಿಡಬೇಕಾದ ಆಸೆಯೂ ಅದೇ. ಪಾರದರ್ಶಕ ಎಂದ ಕೂಡಲೇ ದೆವ್ವ ಇರುವ ಪ್ರತಿ ಶಾಟೂ ಗ್ರಾಫಿಕ್ಸ್ ಮೇಜಿಗೆ ಹೋಗಬೇಕು. 22 ನಿಮಿಷದಲ್ಲಿ ಅಂಥ ಶಾಟು ನೂರಕ್ಕೂ ಮೇಲಾಗುತ್ತವೆ. ನಟನೂ ಕೈಕಟ್ಟಿದಂತೆ ಆಗುತ್ತಾನೆ, ಯಾರ ಮುಂದೆಯೂ ಹಾದುಹೋಗುವಂತಿಲ್ಲ. ಗಟ್ಟಿ ದೇಹದ ದೆವ್ವ ಅಗ್ಗ, ಜೊತೆಗೆ ಹೆಚ್ಚು ನಗಿಸುತ್ತದೆ, ಏಕೆಂದರೆ ನಮಗೆ ಅಷ್ಟು ಸ್ಪಷ್ಟವಾಗಿ ಕಾಣುವ ಮನುಷ್ಯ ಪಕ್ಕದವರಿಗೆ ಕಾಣುವುದಿಲ್ಲ. 1969ರ ಸರಣಿ ಬಿಳಿ ಸೂಟೊಂದನ್ನು ನಂಬಿಯೇ ದೆವ್ವವನ್ನು ನಿಲ್ಲಿಸಿತು.

ಸೀಸನ್‌ಗೆ ಒಂದೆರಡು ಕಡೆ ಪಾರದರ್ಶಕ ರೂಪ ಬೇಕಾದರೆ ಹಳೆಯ ಗಾಜಿನ ತಂತ್ರವೇ ಇದೆ. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ 1862ರ ಕ್ರಿಸ್‌ಮಸ್ ಹೊತ್ತಿಗೆ ಜಾನ್ ಹೆನ್ರಿ ಪೆಪ್ಪರ್ ಪ್ರದರ್ಶಿಸಿದ್ದು ಇದು. ಕ್ಯಾಮೆರಾ ಮತ್ತು ಕೋಣೆಯ ನಡುವೆ 45 ಡಿಗ್ರಿ ಓರೆಯಾಗಿ ದೊಡ್ಡ ಗಾಜು, ಪಕ್ಕದಲ್ಲಿ ಕ್ಯಾಮೆರಾಗೆ ನೇರ ಕಾಣದಂತೆ ಕಪ್ಪು ಬಟ್ಟೆ ಹೊದಿಸಿದ ಗೂಡು. ಗೂಡಿನೊಳಗಿನ ನಟನ ಮೇಲೆ ಬೆಳಕು ಹೆಚ್ಚಿಸಿದಷ್ಟೂ ಅವನ ಬಿಂಬ ಕೋಣೆಯಲ್ಲಿ ಗಟ್ಟಿಯಾಗುತ್ತದೆ, ಇಳಿಸಿದರೆ ಕರಗುತ್ತದೆ. ಕೆಡುವುದು ಮೂರು ಕಡೆ. ಗೂಡಿನ ಕಪ್ಪು ಸಾಲದಿದ್ದರೆ ನಟನ ಜೊತೆ ಗೂಡಿನ ಮೂಲೆಗಳೂ ಮೂಡುತ್ತವೆ. ಗಾಜಿನ ಬದಲು ತೆಳು ಅಕ್ರಿಲಿಕ್ ಹಾಳೆ ಹಾಕಿದರೆ ಅದು ಬಾಗಿ ಮುಖ ಸೊಟ್ಟಗಾಗುತ್ತದೆ. ದಪ್ಪ ಗಾಜಾದರೆ ಎರಡೂ ಮೈ ಪ್ರತಿಫಲಿಸಿ ಬಿಂಬ ಜೋಡಿಯಾಗುತ್ತದೆ.

ದಿನನಿತ್ಯದ ಕೆಲಸ ನಡೆಯುವುದು ಎರಡು ಬಗೆಯ ಟೇಕ್‌ಗಳಿಂದ: ದೆವ್ವ ಇರುವ ಟೇಕು, ಅದೇ ಕೋನದಲ್ಲಿ ದೆವ್ವ ಇಲ್ಲದ ಟೇಕು. ಕಾಣಬಲ್ಲವನ ಕಡೆಯಿಂದ ನೋಡುವಾಗ ಕುರ್ಚಿಯಲ್ಲಿ ಅಪ್ಪ. ಶಿರಸ್ತೇದಾರರ ಕಡೆಯಿಂದ ನೋಡುವಾಗ ಖಾಲಿ ಕುರ್ಚಿ, ಅದರೊಂದಿಗೆ ಜಗಳವಾಡುತ್ತಿರುವ ಮಗ. ಈ ಖಾಲಿ ಕುರ್ಚಿಯ ಕೋನ ಬಹಳ ಬೆಲೆಯದ್ದು, ದೃಶ್ಯಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಬಳಸಿ. ಯಾವಾಗಲೂ ದೆವ್ವ ಇರುವ ಟೇಕು ಮೊದಲು ತೆಗೆಯಬೇಕು, ನಟನಿಗೆ ಮಾತಿನ ಗತಿ ಮೈಗೂಡಿರುತ್ತದೆ. ಇಲ್ಲದ ಟೇಕಿಗೆ ಬಂದಾಗ ಅಪ್ಪನ ಕಣ್ಣಿದ್ದ ಎತ್ತರಕ್ಕೆ ಲೈಟ್ ಸ್ಟ್ಯಾಂಡ್ ಒಂದನ್ನು ಫ್ರೇಮಿನಾಚೆ ನಿಲ್ಲಿಸಿ ಟೇಪ್ ಅಂಟಿಸಿಡಿ. ಟೇಪ್ ಇಲ್ಲದಿದ್ದರೆ ಮಗನ ನೋಟ ಮೆಲ್ಲಗೆ ಕುರ್ಚಿಯ ಬೆನ್ನಿಗೆ ಇಳಿಯುತ್ತದೆ, ಜೋಡಿಸಿ ನೋಡಿದಾಗ ಅವನು ಅಪ್ಪನ ಹೊಟ್ಟೆಯ ಜೊತೆ ಮಾತಾಡುತ್ತಿರುತ್ತಾನೆ.

ಇದಕ್ಕಿಂತ ಕಷ್ಟ ಕಾಣದವನ ಪಾತ್ರ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಕಣ್ಣು ಅತ್ತ ಹೊರಳುವುದು ಮನುಷ್ಯ ಸ್ವಭಾವ, ಎಂಥ ಪಳಗಿದ ನಟನಿಗೂ ರೆಪ್ಪೆ ಅಲುಗುತ್ತದೆ. ಆದ್ದರಿಂದ ಶಿರಸ್ತೇದಾರರ ಹತ್ತಿರದ ಶಾಟ್ ತೆಗೆಯುವಾಗ ಅಪ್ಪನ ಪಾತ್ರಧಾರಿ ಬಾಯಿ ಬಿಡಬಾರದು. ಅವನ ಮಾತಿನಷ್ಟು ಹೊತ್ತು ಸಹಾಯಕ ನಿರ್ದೇಶಕ ಕೈಬೆರಳು ಮಡಿಸಿ ಎಣಿಸಿದರೆ ಸಾಕು. ಕಾಣದವನ ಪಾತ್ರವನ್ನು ಹೊಸಬರಿಗೆ ಕೊಡುವ ರೂಢಿ ಇದೆ. ಅದು ತಪ್ಪು, ಇಡೀ ಭ್ರಮೆ ಆ ನಟನ ಕಣ್ಣಿನ ಮೇಲೆ ನಿಂತಿರುತ್ತದೆ.

ದೆವ್ವ ಮನುಷ್ಯನ ಮೈಯೊಳಗೆ ಹಾದುಹೋಗುವ ಶಾಟಿಗೆ ಕ್ಯಾಮೆರಾ ಟ್ರೈಪಾಡಿನಲ್ಲಿ ಬಿಗಿಯಾಗಿ ನಿಲ್ಲಬೇಕು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎಲ್ಲ ಕೈಯಿಂದ ಹೊಂದಿಸಿ ಬೀಗ ಹಾಕಿ. ಮೊದಲು ಮನುಷ್ಯ ಒಬ್ಬನೇ, ಆಮೇಲೆ ದೆವ್ವ ಒಬ್ಬನೇ, ಕೊನೆಗೆ ಯಾರೂ ಇಲ್ಲದ ಖಾಲಿ ಕೋಣೆ ಹತ್ತು ಸೆಕೆಂಡು. ಈ ಖಾಲಿ ಪ್ಲೇಟನ್ನು ಮರೆಯುವ ತಂಡಗಳೇ ಹೆಚ್ಚು, ಎಡಿಟಿಂಗಿನಲ್ಲಿ ತೂತು ಮುಚ್ಚಲು ಬೇಕಾಗುವುದು ಅದೇ. ಮೂರೂ ಹತ್ತು ನಿಮಿಷದೊಳಗೆ ಮುಗಿಯಲಿ, ಕಿಟಕಿಯ ಬಿಸಿಲು ಜರುಗಿದರೆ ಬೆಳಕು ಹೊಂದುವುದಿಲ್ಲ. ಫ್ಯಾನ್ ನಿಲ್ಲಿಸಿ. ಮೇಜಿನ ಮೇಲೆ ಹಾರಾಡುವ ಒಂದು ಕಾಗದ ಸಾಕು ಎಲ್ಲ ಕೆಡಲು.

ಕಚೇರಿಗೇ ವಿಶೇಷವಾದ ತೊಂದರೆ ಎರಡು. ಮೊದಲನೆಯದು ಟ್ಯೂಬ್‌ಲೈಟಿನ ಮಿಣುಕು. ನಮ್ಮ ವಿದ್ಯುತ್ 50 ಹರ್ಟ್ಜ್, ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಬೆಳಗಿ ಕುಗ್ಗುತ್ತದೆ. ಸೆಕೆಂಡಿಗೆ 25 ಫ್ರೇಮ್, 180 ಡಿಗ್ರಿ ಶಟರ್ (ಅಂದರೆ ಫ್ರೇಮಿನ ಅರ್ಧ ಹೊತ್ತು ಮಾತ್ರ ಬೆಳಕು ಒಳಬಿಡುವುದು) ಇಟ್ಟರೆ ಪ್ರತಿ ಫ್ರೇಮಿಗೂ 1/50 ಸೆಕೆಂಡು, ಸರಿಯಾಗಿ ಎರಡು ಮಿಡಿತ, ಚಿತ್ರ ನಿಶ್ಚಲ. 24 ಫ್ರೇಮಿನಲ್ಲಿ ತೆಗೆಯುವುದಾದರೆ ಶಟರ್ 172.8 ಡಿಗ್ರಿಗೆ ತರಬೇಕು, ಆಗಲೂ ಅದೇ 1/50. ಮರೆತು 180ರಲ್ಲೇ ಬಿಟ್ಟರೆ ಇಡೀ ದೃಶ್ಯ ಉಸಿರಾಡುತ್ತಿರುವಂತೆ ಕಾಣುತ್ತದೆ, ದೆವ್ವ ಬರುವ ಮೊದಲೇ. ಅಗ್ಗದ ಎಲ್‌ಇಡಿ ದೀಪಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಹಿಂದಿನ ದಿನವೇ ಅರ್ಧ ನಿಮಿಷ ಚಿತ್ರಿಸಿ ದೊಡ್ಡ ಪರದೆಯಲ್ಲಿ ನೋಡಬೇಕು.

ಎರಡನೆಯದು ಗಾಜು. ಐಟಿ ಕಚೇರಿಯಾದರೆ ಎಲ್ಲೆಲ್ಲೂ ಗಾಜಿನ ಗೋಡೆ. ದೆವ್ವಕ್ಕೆ ಪ್ರತಿಬಿಂಬವಿಲ್ಲ ಎಂದು ನಿಯಮ ಬರೆದುಕೊಂಡಿದ್ದರೆ ಪ್ರತಿ ಶಾಟಿನಲ್ಲೂ ಅಳಿಸುವ ಕೆಲಸ ಬೀಳುತ್ತದೆ. ಪೋಲರೈಸರ್ ಫಿಲ್ಟರ್ ಗಾಜಿಗೆ ಓರೆಯಾಗಿ ನಿಂತಾಗ ಬಿಂಬವನ್ನು ಕುಗ್ಗಿಸುತ್ತದೆ, ನೇರ ಎದುರು ನಿಂತರೆ ಪ್ರಯೋಜನವಿಲ್ಲ. ಪ್ರತಿಬಿಂಬ ಇದೆ ಎಂದೇ ನಿಯಮ ಮಾಡಿಕೊಳ್ಳುವುದು ಸುಲಭದ ದಾರಿ. ನೆರಳಿನ ಕಾಟ ಅಷ್ಟಿಲ್ಲ. ಫಾಲ್ಸ್ ಸೀಲಿಂಗಿನ ಎರಡಡಿ ಚೌಕದ ದೀಪಗಳು ಮೇಲಿಂದ ಬೀಳುವುದರಿಂದ ನೆರಳು ಕಾಲಡಿಯಲ್ಲೇ ಅಡಗುತ್ತದೆ.

ವಸ್ತು ತಾನಾಗಿ ಅಲುಗುವ ಆಟಕ್ಕೆ ಗ್ರಾಫಿಕ್ಸ್‌ಗಿಂತ ಗಾಳದ ನೈಲಾನ್ ದಾರ ಮೇಲು. ಹೊಳೆಯದಂತೆ ಮೇಣದ ಬತ್ತಿ ಸವರಿ, ಹಿಂದೆ ಕಪ್ಪು ಅಥವಾ ಗೀರುಗೀರಿನ ಹಿನ್ನೆಲೆ ಇರಲಿ, ಬಿಳಿ ಗೋಡೆಯ ಮುಂದೆ ದಾರ ಎದ್ದು ಕಾಣುತ್ತದೆ. ಗಾಲಿ ಕುರ್ಚಿಯನ್ನು ಎಳೆಯುವಾಗ ದಾರವನ್ನು ಬೆನ್ನಿಗಲ್ಲ, ಕೆಳಗಿನ ಕಾಲಿಗೆ ಕಟ್ಟಬೇಕು, ಇಲ್ಲವಾದರೆ ಕುರ್ಚಿ ಹೊರಡುವ ಮುಂಚೆ ವಾಲುತ್ತದೆ. ಪ್ರಿಂಟರ್‌ಗೆ ದಾರವೂ ಬೇಡ. ಪಕ್ಕದ ಕೋಣೆಯಿಂದ ಲ್ಯಾಪ್‌ಟಾಪಿನಲ್ಲಿ ಒಂದು ಪುಟ ಕಳಿಸಿದರೆ ರಾತ್ರಿಯ ಖಾಲಿ ಕಚೇರಿಯಲ್ಲಿ ಅದು ಗುರ್ ಎಂದು ಎಚ್ಚರಾಗುತ್ತದೆ. ಹಿಮ್ಮುಖ ಪಾದದ ಮೋಹಿನಿ ಬೇಕಿದ್ದರೆ ಕಾಲಿನ ಹತ್ತಿರದ ಶಾಟಿಗೆ ಮಾತ್ರ ನಟಿಯನ್ನು ಹಿಂದುಮುಂದಾಗಿ ನಿಲ್ಲಿಸಿ, ನೆರಿಗೆಯನ್ನು ಬೆನ್ನ ಕಡೆಗೆ ಸಿಕ್ಕಿಸಿ, ಮುಂದಿನ ಶಾಟಿನಲ್ಲಿ ಮುಖ ತೋರಿಸಿದರೆ ಸಾಕು. ಉಳಿದದ್ದನ್ನು ನೋಡುಗನೇ ಜೋಡಿಸಿಕೊಳ್ಳುತ್ತಾನೆ.

ಕಿವಿಗೆ ಹೆದರಿಸುವುದು, ಕತ್ತರಿಯಲ್ಲಿ ನಗಿಸುವುದು

ದೆವ್ವದ ದನಿಗೆ ಗುಹೆಯ ಪ್ರತಿಧ್ವನಿ ಹಾಕುವ ಚಟ ಇನ್ನೂ ಹೋಗಿಲ್ಲ. ಹಾಸ್ಯಕ್ಕೆ ಅದು ವಿಷ. ಮಾತು ಅಸ್ಪಷ್ಟವಾಗಿ ನಗೆಯ ಪದವೇ ಮುಳುಗುತ್ತದೆ. ಬದಲಿಗೆ ದೆವ್ವದಿಂದ ಸದ್ದುಗಳನ್ನು ಕಳೆಯಿರಿ: ಹೆಜ್ಜೆ ಸಪ್ಪಳ ಇಲ್ಲ, ಕುರ್ಚಿ ಕಿರ್ ಎನ್ನುವುದಿಲ್ಲ, ಬಟ್ಟೆಯ ಸರಸರ ಇಲ್ಲ. ಟೈಲ್ಸ್ ನೆಲದ ಮೇಲೆ ಎಲ್ಲರ ಚಪ್ಪಲಿಯೂ ಟಕಟಕ ಎನ್ನುವಾಗ ಒಬ್ಬನದ್ದು ಮಾತ್ರ ಇಲ್ಲದಿದ್ದರೆ ಯಾಕೆಂದು ತಿಳಿಯದೆಯೇ ಮೈ ಜುಮ್ಮೆನ್ನುತ್ತದೆ. ಇದಕ್ಕಾಗಿ ಚಿತ್ರೀಕರಣದಲ್ಲಿ ದೆವ್ವದ ಪಾತ್ರಧಾರಿಯ ಪಾದರಕ್ಷೆಯ ಅಡಿಗೆ ಫೋಮ್ ಅಂಟಿಸಿ. ಅವನ ಮಾತು ಬೇರೆಯವರ ಮಾತಿನ ಮೇಲೆ ಬೀಳುವ ಕಡೆಗಳಲ್ಲೆಲ್ಲ ಅವನ ಸಾಲುಗಳನ್ನು ಪ್ರತ್ಯೇಕವಾಗಿ ಇನ್ನೊಮ್ಮೆ ಮುದ್ರಿಸಿಕೊಳ್ಳಬೇಕು, ಇಲ್ಲವಾದರೆ ಖಾಲಿ ಕುರ್ಚಿಯ ಕೋನದಿಂದ ಅವನ ದನಿ ಕಳಚಲಾಗದು.

ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನಾಗಿಸಿ ಮೂವತ್ತು ಸೆಕೆಂಡಿನ ಕೋಣೆಯ ಮೌನ ಮುದ್ರಿಸಿ. ಕಚೇರಿಯ ಮೌನ ಎಂದರೆ ಎಸಿ, ಯುಪಿಎಸ್, ಕಂಪ್ಯೂಟರ್ ಫ್ಯಾನುಗಳ ಗುಂಯ್‌ಗುಡುವಿಕೆ. ಹೆದರಿಸಬೇಕಾದ ಕ್ಷಣಕ್ಕೆ ಮೂರು ಸೆಕೆಂಡು ಮುಂಚೆ ಆ ಗುಂಯ್ ಅನ್ನು ಮೆಲ್ಲಗೆ ತೆಗೆದುಬಿಟ್ಟರೆ ಸಂಗೀತ ಬೇಡ. ಪ್ರಸಾರದಲ್ಲಿ ಶಬ್ದದ ಮಟ್ಟಕ್ಕೆ ಮಿತಿ ಇರುತ್ತದೆ. ಯುರೋಪಿನ ಪ್ರಸಾರ ಮಾನದಂಡದಲ್ಲಿ ಸರಾಸರಿ ಮೈನಸ್ 23 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರೆನಿಸುತ್ತದೆ ಎಂಬುದರ ಅಳತೆ). ಬೆಚ್ಚಿಬೀಳಿಸುವ ಸದ್ದನ್ನು ಎಷ್ಟೆಂದರೆ ಅಷ್ಟು ಏರಿಸಲು ಜಾಗವಿಲ್ಲ, ಅದರ ಹಿಂದಿನದನ್ನು ತಗ್ಗಿಸಿಯೇ ಎತ್ತರ ಗಳಿಸಬೇಕು.

ಕರೆಂಟು ಹೋಗುವುದನ್ನೂ ಬಳಸಿಕೊಳ್ಳಿ. ಜನರೇಟರ್ ಇರುವ ಕಚೇರಿಯಲ್ಲಿ ವಿದ್ಯುತ್ ಹೋದಾಗ ಅದು ಹೊತ್ತಿಕೊಳ್ಳಲು ಹತ್ತು ಸೆಕೆಂಡಿನಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ದೀಪ, ಎಸಿ ಎರಡೂ ಸತ್ತಿರುತ್ತವೆ, ಯುಪಿಎಸ್ ಮೇಲಿರುವ ಕಂಪ್ಯೂಟರ್ ಪರದೆಗಳು ಮಾತ್ರ ಉರಿಯುತ್ತಿರುತ್ತವೆ. ಕತ್ತಲು, ನಿಶ್ಶಬ್ದ, ಮುಖದ ಮೇಲೆ ಕೆಳಗಿನಿಂದ ನೀಲಿ ಬೆಳಕು: ಹಾರರ್ ಚಿತ್ರದ ಛಾಯಾಗ್ರಾಹಕ ದುಡ್ಡು ಕೊಟ್ಟು ಮಾಡಿಸುವುದನ್ನೆಲ್ಲ ಕಚೇರಿ ಪುಕ್ಕಟೆ ಕೊಡುತ್ತದೆ. ಹತ್ತು ಸೆಕೆಂಡು ಎಂಬುದು ನೋಡುಗನಿಗೂ ಗೊತ್ತಿರುವುದರಿಂದ ಹನ್ನೆರಡನೇ ಸೆಕೆಂಡಿಗೆ ದೀಪ ಬರದಿದ್ದಾಗ ಅವನೇ ಹೆದರಲು ತಯಾರಾಗುತ್ತಾನೆ.

ಎಡಿಟಿಂಗಿನಲ್ಲಿ ಕ್ರಮ ಮುಖ್ಯ. ಬೆಚ್ಚಿಬಿದ್ದ ಮೇಲೆ ಒಂದರಿಂದ ಒಂದೂವರೆ ಸೆಕೆಂಡು ಪೂರ್ತಿ ಬಿಡುವು, ಅಂದರೆ 25ರಿಂದ 38 ಫ್ರೇಮ್. ಆ ಬಿಡುವಿನಲ್ಲಿ ಸಂಗೀತವಿಲ್ಲ, ಕಟ್ ಇಲ್ಲ, ಹೆದರಿದವನ ಮುಖ ಮಾತ್ರ. ಆಮೇಲೆ ಕಚೇರಿಯ ಅತಿ ಸಾಮಾನ್ಯ ಮಾತೊಂದು: ‘ಟಪಾಲಿಗೆ ಇನ್‌ವರ್ಡ್ ನಂಬರ್ ಹಾಕಿದ್ಯಾ?’ ಬಿಡುವು ಎಂಟು-ಹತ್ತು ಫ್ರೇಮಿಗೆ ಇಳಿದರೆ ನೋಡುಗನ ಎದೆಬಡಿತದಲ್ಲಿ ಮಾತು ಕೇಳಿಸದೆ ಹೋಗುತ್ತದೆ. ಮೂರು ಸೆಕೆಂಡಿಗೆ ಎಳೆದರೆ ಇನ್ನೊಂದು ಹೆದರಿಕೆ ಬರಲಿದೆ ಎಂದು ಅವನು ಕಾಯತೊಡಗುತ್ತಾನೆ, ನಗುವ ಸ್ಥಿತಿಯಲ್ಲಿರುವುದಿಲ್ಲ. ತಿರುಗುಮುರುಗು ಕ್ರಮವೂ ಇದೆ: ಮೊದಲು ಜೋರು ನಗೆ, ಆ ನಗು ಇಳಿಯುವ ಹೊತ್ತಿಗೆ ಹೆದರಿಕೆ. ಇದು ಹೆಚ್ಚು ಪರಿಣಾಮಕಾರಿ, ಆದರೆ ಕಂತಿಗೆ ಒಂದೇ ಸಲ. ಎರಡನೇ ಸಲ ಮಾಡಿದರೆ ನೋಡುಗ ನಗಲೇ ಅಂಜುತ್ತಾನೆ.

ಎರಡನೇ ಸೀಸನ್ನಿನ ಕಾಯಿಲೆ

ಎಲ್ಲ ದೆವ್ವಗಳೂ ಒಳ್ಳೆಯವಾಗಿಬಿಡುವುದು ಈ ಬಗೆಯ ಸರಣಿಗೆ ಹತ್ತುವ ಮೊದಲ ಕಾಯಿಲೆ. ಹತ್ತು ಕಂತು ಜೊತೆಗಿದ್ದ ಮೇಲೆ ಅಪ್ಪನನ್ನು ಕಂಡು ಯಾರಿಗೂ ಭಯವಿರುವುದಿಲ್ಲ, ಸರಣಿಯ ಹೆಸರಿನಲ್ಲಿ ಹಾರರ್ ಮಾತ್ರ ಉಳಿದಿರುತ್ತದೆ. ಮದ್ದು, ಪಳಗದ ಒಂದನ್ನು ಕಚೇರಿಯಲ್ಲೇ ಇಟ್ಟುಕೊಳ್ಳುವುದು. ಹಳೆಯ ದಾಖಲೆ ಕೊಠಡಿಯಲ್ಲಿ ಇರುವ, ಮಾತಾಡದ, ಅಪ್ಪನೂ ಅತ್ತ ಹೋಗಲು ಹಿಂಜರಿಯುವ ಒಂದು. ಅದರ ಕಥೆ ಹೇಳಬೇಡಿ, ಸೀಸನ್‌ಗೆ ಎರಡು ಸಲಕ್ಕಿಂತ ಹೆಚ್ಚು ತೋರಿಸಬೇಡಿ. ದೆವ್ವವೇ ಹೆದರುತ್ತದೆ ಎಂದರೆ ನೋಡುಗನಿಗೆ ಬೇರೆ ಪುರಾವೆ ಬೇಕಿಲ್ಲ.

ಮೂರನೆಯವರಿಗೂ ದೆವ್ವ ಕಾಣಿಸಿಬಿಡುವುದು ಇನ್ನೊಂದು ಕಾಯಿಲೆ. ‘ಘೋಸ್ಟ್ಸ್’ನ ಬ್ರಿಟಿಷ್ ರೂಪದಲ್ಲಿ ಗಂಡ ಮೈಕ್‌ಗೆ ಐದು ಸೀಸನ್ ಕಳೆದರೂ ದೆವ್ವಗಳು ಕಾಣಲಿಲ್ಲ. ಇವೆ ಎಂಬುದನ್ನು ಅವನು ನಂಬುತ್ತಾನೆ, ಸರಿಸುಮಾರು ಅವು ಇರುವ ಕಡೆ ತಿರುಗಿ ಮಾತೂ ಆಡುತ್ತಾನೆ, ಎಷ್ಟೋ ಸಲ ದಿಕ್ಕು ತಪ್ಪಿರುತ್ತದೆ. ನಂಬದವನು ನಂಬುವವನಾಗುವುದು ಬೆಳವಣಿಗೆ. ಕಾಣದವನಿಗೆ ಕಾಣುವಂತೆ ಮಾಡುವುದು ಆ ಪಾತ್ರದ ಕೆಲಸವನ್ನೇ ಕಿತ್ತುಕೊಂಡಂತೆ. ತಾಲ್ಲೂಕು ಕಚೇರಿಯ ಕಥೆಯಲ್ಲಾದರೆ ಶಿರಸ್ತೇದಾರರಿಗೆ ಎರಡನೇ ಸೀಸನ್ನಿನಲ್ಲಿ ಸಂಶಯ ಬರಲಿ. ಹಳೆಯ ಗುಮಾಸ್ತನಿಗೆ ಮಾತ್ರ ಗೊತ್ತಿದ್ದ ಕಡತ ಸಂಖ್ಯೆಗಳನ್ನು ಈ ಹುಡುಗ ಹೇಗೆ ಹೇಳುತ್ತಾನೆಂದು ಲೆಕ್ಕ ಇಡಲಿ, ಒಂದು ದಿನ ಖಾಲಿ ಕುರ್ಚಿಯತ್ತ ತಿರುಗಿ ಬಾಕಿ ಉಳಿದ ಪೋಡಿ ಪ್ರಕರಣದ ಬಗ್ಗೆ ಸಿಡುಕಲಿ. ಆ ಹೊತ್ತಿಗೆ ಅಪ್ಪ ಬೇರೆ ಕುರ್ಚಿಯಲ್ಲಿ ಕೂತಿರಬೇಕು.